ಕ್ರೋಟನ್ ನೆಟ್ಟ ಹಂಡೆ

೧೯೬೦ ನವೆಂಬರ್ ೧೧

ಕಾನ್ವೆಂಟಿನಲ್ಲಿದ್ದಾಗ ದಿನಚರಿಯನ್ನು ಇಂಗ್ಲಿಷಿನಲ್ಲಿ ಬರೆಯಬೇಕಿತ್ತು. ಶನಿವಾರ ಸಿಸ್ಟರ್ ಅದನ್ನು ಓದಿ ತಿದ್ದುತ್ತಿದ್ದರು. ಇದನ್ನು ಯಾರೂ ಓದುವುದಿಲ್ಲ. ಆದ್ದರಿಂದ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಇಂದು ಪ್ರವಾಸಿ ಕಚೇರಿಯ ಸುತ್ತೋಲೆ ಬಂತು. ಮಂಗಳೂರಿನಿಂದ ಮಡಿಕೇರಿಯ ಮೇಲಿಂದ ಮೈಸೂರಿಗೆ ಕಾರಿನಲ್ಲಿ ಹೋಗುವವರಿಗಾಗಿ ಸರಕಾರ ಒಂದು ಕೈಪಿಡಿ ಅಚ್ಚು ಹಾಕಿಸುತ್ತದಂತೆ. ದಾರಿಯಲ್ಲಿ ತಂಗಲು ಯೋಗ್ಯವಾದ ವಸತಿಗೃಹಗಳ ಹೆಸರು ಅದರಲ್ಲಿರುತ್ತದೆ. ಯೋಗ್ಯ ಎಂದರೆ ಏನು ಎಂಬುದಕ್ಕೆ ಕೆಲವು ಪುಟಗಳ ನಿಯಮಗಳು, ಇಂಗ್ಲಿಷಿನಲ್ಲಿ. ಎರಡು ಸಲ ಓದಿದೆ. ಎರಡನೆಯ ಸಲ ಓದುವ ಅಗತ್ಯ ಇರಲಿಲ್ಲ. ಈ ಊರಿನಲ್ಲಿ ಇದನ್ನು ಯಾರ ಸಹಾಯವೂ ಇಲ್ಲದೆ ಓದಬಲ್ಲ ಹೆಂಗಸು ನಾನೊಬ್ಬಳೇ ಎಂಬ ಸಣ್ಣ ಸಂತೋಷಕ್ಕಾಗಿ ಓದಿದೆ ಎಂದು ಕಾಣುತ್ತದೆ.

ಈ ಕಟ್ಟಡ ನನ್ನದಲ್ಲ. ಮಾವನವರು ಕಟ್ಟಿಸಿದ್ದು. ನನ್ನ ಯಜಮಾನರು ಇದನ್ನು ವಸತಿಗೃಹ ಮಾಡಿದರು, ಇವರು ತೀರಿಕೊಂಡ ಮೇಲೆ ನಾನು ನಡೆಸುತ್ತಿದ್ದೇನೆ. ಸುಳ್ಯ ಪೇಟೆ ದಾಟಿದ ಮೇಲೆ ಮಡಿಕೇರಿ ರಸ್ತೆಗೆ ಮುಖ ಮಾಡಿದ ಎಂಟು ಕೋಣೆಗಳು, ಎದುರಿಗೆ ಉದ್ದದ ಜಗಲಿ, ಹಿಂದೆ ಬಚ್ಚಲುಮನೆ. ಪೇಟೆಯಲ್ಲಿ ಹೊಸ ಲಾಡ್ಜು ಆದ ಮೇಲೆ ಅರ್ಧಕ್ಕರ್ಧ ಕೋಣೆ ಖಾಲಿ. ಇವರ ಅಣ್ಣ ಪದ್ಮಯ್ಯ ಭಾವನಿಗೆ ಕಟ್ಟಡವನ್ನು ಅಡಿಕೆ ದಾಸ್ತಾನಿಗೆ ಕೊಡುವ ಮನಸ್ಸು. ದೀಪಾವಳಿಗೆ ಬಂದಾಗ ಹೇಳಿಯೇ ಬಿಟ್ಟರು.

"ಬರುವ ಮಳೆಗಾಲದವರೆಗೆ ನೋಡು ಕಮಲ. ಆಗುದಿಲ್ಲ ಅಂತಾದ್ರೆ ಮಡಿಕೇರಿಯಲ್ಲಿ ನಿಂಗೆ ತಮ್ಮನ ಮನೆ ಉಂಟಲ್ಲ."

ತಮ್ಮನ ಮನೆ ಉಂಟು. ಅಲ್ಲಿ ನನಗೊಂದು ಮಂಚವೂ ಉಂಟು, ಮಕ್ಕಳು ಓದುವ ಕೋಣೆಯಲ್ಲಿ. ಹೋದಾಗಲೆಲ್ಲ ನಾನು ಮಲಗಬೇಕೆಂದು ಅವರು ಪುಸ್ತಕ ಎತ್ತಿಕೊಂಡು ಬೇರೆಡೆಗೆ ಹೋಗುತ್ತಾರೆ.

ಅರ್ಜಿ ಬರೆದಿಟ್ಟಿದ್ದೇನೆ. ನಾಳೆ ಅಂಚೆಗೆ ಹಾಕುತ್ತೇನೆ.

ನವೆಂಬರ್ ೨೬

ಮಧ್ಯಾಹ್ನದ ಮೇಲೆ ಜೀಪು ಬಂತು. ಅಧಿಕಾರಿಯ ಹೆಸರು ಸರ್ವೋತ್ತಮ ರಾವ್. ಐವತ್ತರ ಆಸುಪಾಸು, ತೆಳ್ಳಗಿನ ಮನುಷ್ಯ. ಇಳಿದವರು ಜೀಪಿನ ಬಾಗಿಲು ಹಿಡಿದುಕೊಂಡು ಸೊಂಟ ನೆಟ್ಟಗಾಗುವವರೆಗೆ ಹಾಗೆಯೇ ನಿಂತರು. ನಾನು ಬೆಳಗಿನಿಂದ ಬಾಯಿಪಾಠ ಮಾಡಿಟ್ಟುಕೊಂಡಿದ್ದ ಸ್ವಾಗತದ ಮಾತು ಹೊರಡುವ ಮೊದಲೇ ದೇವಮ್ಮ ಚೆಂಬಿನಲ್ಲಿ ನೀರು, ಬಾಳೆಲೆಯ ತುಂಡಿನಲ್ಲಿ ಬೆಲ್ಲ ತಂದು ಅವರ ಮುಂದಿಟ್ಟಳು.

ದೇವಮ್ಮ ನಮ್ಮ ಅಡಿಗೆಯವಳು. ಅಡಿಗೆಯವಳು ಎಂದರೆ ಪೂರ್ತಿ ಹೇಳಿದಂತಾಗುವುದಿಲ್ಲ. ನಾನು ಮದುವೆಯಾಗಿ ಬರುವಾಗಲೇ ಅವಳು ಇಲ್ಲಿದ್ದಳು. ನನ್ನೊಡನೆ ನಮ್ಮ ಮನೆಮಾತಾದ ಅರೆಭಾಷೆ, ಬಂದವರೊಡನೆ ಅವರವರ ಭಾಷೆ.

"ಇದೇನಮ್ಮ?" ಎಂದರು ರಾಯರು.

"ನೀರು-ಬೆಲ್ಲ. ಜಗಲಿ ಹತ್ತಿದವರಿಗೆ ಮೊದಲು ಇದು. ಊರು, ಹೆಸರು ಎಲ್ಲ ಆಮೇಲೆ ಕೇಳುದು."

ಅವರು ಬೆಲ್ಲ ಬಾಯಿಗೆ ಹಾಕಿಕೊಂಡು, ಚೆಂಬನ್ನು ಎತ್ತಿ ಹಿಡಿದು ಪೂರ್ತಿ ಕುಡಿದರು. ಆಮೇಲೆ ಚೀಲದಿಂದ ಕಾಗದ ತೆಗೆದು ಏನೋ ಬರೆದುಕೊಂಡರು. ನಾನು ತಲೆಕೆಳಗಾಗಿಯೂ ಓದಬಲ್ಲೆ. 'ಕುಡಿಯುವ ನೀರು: ತೆರೆದ ಪಾತ್ರೆ' ಎಂದಿತ್ತು.

"ಬರೆಯುದು ಆಮೇಲೆ ಆಗ್ತದೆ, ಮೊದಲು ಮೀಯಿರಿ" ಎಂದಳು ದೇವಮ್ಮ. "ಜೀಪಿನಲ್ಲಿ ಕೂತ ಸೊಂಟ ಅದು. ಬಿಸಿನೀರಲ್ಲದೆ ಬೇರೆ ಯಾರ ಮಾತೂ ಕೇಳುದಿಲ್ಲ."

ನನಗೆ ನಾಚಿಕೆಯಾಯಿತು. ರಾಯರು ನಕ್ಕರು, ಮೈ ಒರೆಸುವ ಬೈರಾಸು ಹೆಗಲಿಗೆ ಹಾಕಿಕೊಂಡು ಅವಳ ಹಿಂದೆ ಹೋದರು.

ನಮ್ಮ ಬಚ್ಚಲುಮನೆಯ ಬಗ್ಗೆ ಇದುವರೆಗೆ ಒಂದು ಸಾಲೂ ಬರೆದಿಲ್ಲ. ಅದರಲ್ಲಿ ಬರೆಯುವಂಥದ್ದು ಏನೂ ಇಲ್ಲ. ಕಪ್ಪಗಾದ ಗೋಡೆ, ಮೀಯಲು ದೊಡ್ಡ ಹಾಸುಗಲ್ಲು, ಮೂಲೆಯಲ್ಲಿ ಒಲೆಗೆ ಸೇರಿಸಿ ಕಟ್ಟಿದ ತಾಮ್ರದ ಹಂಡೆ. ಒಬ್ಬರು ಎದ್ದರೆ ಇನ್ನೊಬ್ಬರು. ತೆಂಗಿನ ಒಣ ಮಡಲು, ಅಡಿಕೆ ಸಿಪ್ಪೆ ತುಂಬಿಸಿ ದೇವಮ್ಮ ಬೆಳಗಿನಿಂದ ಕತ್ತಲಾಗುವವರೆಗೆ ಉರಿ ಉಳಿಸಿರುತ್ತಾಳೆ. ಕಾನ್ವೆಂಟಿನಲ್ಲಿ ನಮಗೆ ವಾರಕ್ಕೊಮ್ಮೆ ಒಂದು ಬಕೆಟ್ ಬಿಸಿನೀರು ಕೊಡುತ್ತಿದ್ದರು. ಇಲ್ಲಿಗೆ ಬಂದ ಮೊದಲ ದಿನ ಮಿಂದು, ಹೊರಗೆ ಬರಲು ಮನಸ್ಸಿಲ್ಲದೆ ಕುಳಿತದ್ದು ನೆನಪುಂಟು. ಹೊರಗಿನಿಂದ ಅತ್ತೆ "ಮಗು ಕರಗಿ ಹೋಯ್ತಾ ಎಂತ?" ಎಂದು ಕೇಳಿದ್ದರು.

ರಾಯರೂ ಬೇಗ ಹೊರಗೆ ಬರಲಿಲ್ಲ. ಅಷ್ಟರಲ್ಲಿ ಮಡಿಕೇರಿಯಿಂದ ಬರುವ ಕೊನೆಯ ಬಸ್ಸು ಬಂತು. ಡ್ರೈವರ್ ಮೊಯ್ದಿನಬ್ಬ ಪೇಟೆಯಲ್ಲಿ ನಿಲ್ಲಿಸಬೇಕಾದ ಬಸ್ಸನ್ನು ನಮ್ಮ ಎದುರೇ ನಿಲ್ಲಿಸುವುದು, ರಾತ್ರಿ ಇಲ್ಲೇ ಮಲಗುವುದು. ಬೆಳಿಗ್ಗೆ ಸುಬ್ರಹ್ಮಣ್ಯಕ್ಕೆ ಹೋಗಬೇಕಾದವರು, ಪುತ್ತೂರಿಗೆ ಹೋಗಬೇಕಾದವರು ಅವನ ಹಿಂದೆ ಇಳಿದು ಇಲ್ಲೇ ಕೋಣೆ ಹಿಡಿಯುತ್ತಾರೆ. ನಮಗೆ ಬರುವ ಹೆಚ್ಚಿನವರು ಹಾಗೆ ಬರುವವರೇ.

ಕೆಂಪಗಾದ ಮುಖ ಹೊತ್ತು ಬಂದ ರಾಯರನ್ನು ಕಂಡು, ಯಾರೆಂದು ತಿಳಿಯದ ಮೊಯ್ದಿನಬ್ಬ ಹೇಳಿದ: "ಒಳ್ಳೇದಾಯ್ತು, ನಿಮ್ಮದು ಮೊದಲೇ ಮುಗೀತು. ನಾನೂ ಕಂಡಕ್ಟರೂ ಹೊಕ್ಕ ಮೇಲೆ ಹಂಡೆಯ ಅಡಿ ಕಾಣುದು ಮಾರಾಯ್ರೆ. ಈ ಘಟ್ಟದಲ್ಲಿ ಬ್ರೇಕಿನ ಮೇಲೆ ನಂಗೆ ಅಷ್ಟು ನಂಬಿಕೆ ಇಲ್ಲ. ಕಮಲಕ್ಕನ ಹಂಡೆಯ ಮೇಲೆ ಉಂಟು."

ನವೆಂಬರ್ ೨೭

ರಾಯರು ಬೆಳಿಗ್ಗೆ ಮತ್ತೊಮ್ಮೆ ಮಿಂದರು. ತಿಂಡಿಯ ಮೇಲೆ ಕಾಗದ ಬಿಡಿಸಿ ಒಂದೊಂದಾಗಿ ಹೇಳಿದರು. ಪ್ರತಿ ಎರಡು ಕೋಣೆಗೆ ಸೇರಿದಂತೆ ಸ್ನಾನಗೃಹ, ಅದರಲ್ಲಿ ಕಮೋಡು. ಕುದಿಸಿ ಆರಿಸಿದ ನೀರು, ಮುಚ್ಚಳ ಇರುವ ಗಾಜಿನ ಲೋಟದಲ್ಲಿ. ಜಗಲಿಯಲ್ಲಿ ಯಾರೂ ಮಲಗಬಾರದು. ಬಂದವರು ಮೊದಲು ಪುಸ್ತಕದಲ್ಲಿ ಹೆಸರು, ಊರು, ಬಂದ ಕಾರಣ ಬರೆಯಬೇಕು, ಉಳಿದದ್ದೆಲ್ಲ ಅನಂತರ. ಸಾರ್ವಜನಿಕ ಬಚ್ಚಲು ಇರಕೂಡದು.

"ನಿನ್ನೆಯಿಂದ ಎರಡು ಸಲ ಮಿಂದಿರಲ್ಲ" ಎಂದೆ. ಹಾಗೆ ಕೇಳಬಾರದಿತ್ತು.

ಅವರಿಗೆ ಬೇಸರವಾಗಲಿಲ್ಲ. "ನಂಗೆ ಇಷ್ಟ ಆಯಿತಮ್ಮ. ನನ್ನ ಇಷ್ಟ ಬರೆಯಲಿಕ್ಕೆ ಈ ಕಾಗದದಲ್ಲಿ ಜಾಗ ಇಲ್ಲ."

ಆಮೇಲೆ ಸಮಾಧಾನಕ್ಕೆಂಬಂತೆ ಕಡಬದ ಕಥೆ ಹೇಳಿದರು. ಅಲ್ಲಿಯ ಒಬ್ಬರು ಕನ್ನಡಿ ಇರಬೇಕೆಂಬ ನಿಯಮ ಕೇಳಿ ಒಂದೇ ಕೋಣೆಯ ನಾಲ್ಕು ಗೋಡೆಗೂ ಕನ್ನಡಿ ಹೊಡೆಸಿದ್ದರಂತೆ. "ಮಲಗಿದಲ್ಲಿಂದ ಎಲ್ಲಿ ನೋಡಿದರೂ ನಾನೇ. ನಿದ್ದೆ ಬರುತ್ತದೋ?"

ಏಪ್ರಿಲ್ ಕೊನೆಗೆ ಮತ್ತೆ ಬರುತ್ತಾರೆ. ಅಷ್ಟರಲ್ಲಿ ಎಲ್ಲ ಆಗಬೇಕು.

ಡಿಸೆಂಬರ್ ೯

ಈಗಾಗಲೇ ಮಂಜೂರಾದ ಒಂದು ಲಾಡ್ಜನ್ನು ನೋಡಲು ಪುತ್ತೂರಿಗೆ ಹೋಗಿ ಬಂದೆ. ಬಿಳಿಯ ಟೈಲು, ಬಿಳಿಯ ಕಮೋಡು, ಫಿನಾಯಿಲಿನ ವಾಸನೆ. ಮ್ಯಾನೇಜರು ನನ್ನತ್ತ ನೋಡದೆ ಪುಸ್ತಕ ಮುಂದಕ್ಕೆ ತಳ್ಳಿದ. ನೋಡಲು ಬಂದವಳೆಂದು ಹೇಳಿದಾಗ ಬೀಗದಕೈ ಕೊಟ್ಟು ತನ್ನ ಕೆಲಸಕ್ಕೆ ಹೋದ. ನಾನಿದ್ದಷ್ಟು ಹೊತ್ತು ಯಾರೂ ಏನೂ ಕೇಳಲಿಲ್ಲ. ಎಲ್ಲಿಂದ ಬಂದಿರಿ, ಊಟ ಆಯಿತಾ, ಮಕ್ಕಳೆಷ್ಟು, ಯಾಕೆ ಆಗಲಿಲ್ಲ, ಒಂದೂ ಇಲ್ಲ. ಎಷ್ಟು ನೆಮ್ಮದಿ ಅನಿಸಿತು. ನನಗೆ ಬೇಕಾದದ್ದು ನೆಮ್ಮದಿಯೋ, ಅಥವಾ ಸುಸ್ತಾಗಿದ್ದೇನೋ, ಗೊತ್ತಾಗುವುದಿಲ್ಲ.

ಬಾಯಿ ಒಣಗಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಸೋಡಾ ಕುಡಿದೆ.

೧೯೬೧ ಜನವರಿ ೪

ಸ್ನಾನಗೃಹ ಕಟ್ಟಲು ಕೋಣೆಗಳ ಹಿಂಬದಿಯಲ್ಲದೆ ಬೇರೆ ಜಾಗ ಇಲ್ಲ. ಹಿಂಬದಿಯಲ್ಲಿ ಬಚ್ಚಲುಮನೆ ಇದೆ. ಮೇಸ್ತ್ರಿ ಜತ್ತಪ್ಪ ಹಗ್ಗ ಹಿಡಿದು ಆಚೆಗೊಮ್ಮೆ ಈಚೆಗೊಮ್ಮೆ ಅಳೆದು, ಕೊನೆಗೆ ಹಗ್ಗ ಸುತ್ತಿ ಕೈಯಲ್ಲಿಟ್ಟುಕೊಂಡು ನಿಂತ. ನಾನೇ ಹೇಳಲಿ ಎಂದು ಕಾಯುತ್ತಿದ್ದ.

"ತೆಗೆಯಿರಿ" ಎಂದೆ.

ಜನವರಿ ೭

ಉರಿ ನಿಲ್ಲಿಸಿ ಮೂರು ದಿನವಾದರೂ ಒಲೆಯ ಕಲ್ಲು ಆರಿಲ್ಲ. ಜತ್ತಪ್ಪ ಕೈ ಇಟ್ಟು ನೋಡಿ ಹಿಂದೆ ತೆಗೆದ.

"ಒಳಗೆ ಇನ್ನೂ ಬಿಸಿ ಉಂಟಮ್ಮ. ನಾಳೆ ಒಡೆಯುವ. ಬಿಸಿ ಇರುವ ಒಲೆಗೆ ಪಿಕ್ಕಾಸು ಹಾಕಲಿಕ್ಕೆ ನಂಗೆ ಮನಸ್ಸು ಬರುದಿಲ್ಲ."

ಕೂಲಿಯವರಿಗೆ ಒಂದು ದಿನ ಸುಮ್ಮನೆ ಹೋಯಿತು. ದೇವಮ್ಮ ಒಲೆಯಿಂದ ಬೂದಿ ತೆಗೆದು ಬುಟ್ಟಿಗೆ ತುಂಬಿಸಿದಳು. ಬೂದಿ ಎಲ್ಲಿ ಹಾಕುತ್ತಾಳೆಂದು ನಾನು ಕೇಳಲಿಲ್ಲ.

ಜನವರಿ ೧೦

ಹಂಡೆ ಈಗ ಅಂಗಳದಲ್ಲಿ ಬಾಯಿ ಮೇಲಾಗಿ ಬಿದ್ದಿದೆ. ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ. ಗೋಡೆಯೊಳಗೆ ಅರ್ಧವೇ ಕಾಣುತ್ತಿತ್ತು.

ಜನವರಿ ೨೯

ಹಂಡೆಗೆ ಒಂದು ದಾರಿ ಹೊಳೆಯಿತು. ನನ್ನ ಹಳೆಯ ಇಂಗ್ಲಿಷ್ ಮಾಸಪತ್ರಿಕೆಯೊಂದರಲ್ಲಿ ಬಂಗಲೆಯ ಮೆಟ್ಟಿಲ ಬಳಿ ತಾಮ್ರದ ಪಾತ್ರೆಯಲ್ಲಿ ಗಿಡ ನೆಟ್ಟ ಚಿತ್ರವಿತ್ತು. ಜತ್ತಪ್ಪನಿಂದ ಹಂಡೆಯ ಅಡಿಗೆ ತೂತು ಹೊಡೆಸಿ, ಹುಣಸೆಹುಳಿ ಹಾಕಿ ಉಜ್ಜಿಸಿ, ಮಣ್ಣು ತುಂಬಿಸಿ ಕ್ರೋಟನ್ ನೆಟ್ಟೆ. ಮೆಟ್ಟಿಲ ಬಲಕ್ಕೆ ಇಟ್ಟಿದ್ದೇನೆ. ರಸ್ತೆಯಲ್ಲಿ ಹೋಗುವವರೆಲ್ಲ ನೋಡುತ್ತಾರೆ. ನಿಜಕ್ಕೂ ಚೆನ್ನಾಗಿದೆ.

ದೇವಮ್ಮ ಒಮ್ಮೆ ಸುತ್ತು ಬಂದು ನೋಡಿ, "ಎಂಥ ಹೊಳಪು" ಎಂದಳು. ಹೊಗಳಿದಳೋ ಏನೋ.

ಫೆಬ್ರವರಿ ೫

ಪುಸ್ತಕ ಇಟ್ಟ ಮೇಲೆ ಇಂದು ಮೊದಲ ತೊಡಕು. ಭಾಗಮಂಡಲದ ಕಡೆಯ ಗಂಡ ಹೆಂಡತಿ, ಇನ್ನೂ ಸಣ್ಣ ಪ್ರಾಯ. ಹೆಸರು ಬರೆದರು, ಊರು ಬರೆದರು. 'ಬಂದ ಕಾರಣ' ಎಂಬಲ್ಲಿ ಹುಡುಗ ಪೆನ್ನು ಹಿಡಿದುಕೊಂಡು ಹೆಂಡತಿಯ ಮುಖ ನೋಡಿದ. ಅವಳು ನೆಲ ನೋಡಿದಳು. ಇಬ್ಬರ ಗಂಟಿನಿಂದಲೂ ಹೊರಗೆ ಕಾಣುತ್ತಿದ್ದ ಮಡಿಬಟ್ಟೆ ನೋಡಿದರೇ ಗೊತ್ತು, ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತು ಹೊರಟವರು. ಮಗುವಿಗಾಗಿ ಇರಬೇಕು.

"ಹರಕೆ ತೀರುವ ಮೊದಲು ಬಾಯಿಬಿಟ್ಟು ಹೇಳುದು ಉಂಟಾ ಅಕ್ಕ?" ಎಂದು ದೇವಮ್ಮ ನನ್ನ ಕಿವಿಯಲ್ಲಿ ಗದರಿದಳು.

ನಾನೇ ಪೆನ್ನು ತೆಗೆದುಕೊಂಡು 'ಪ್ರವಾಸ' ಎಂದು ಬರೆದೆ. ಅವರು ಒಳಗೆ ಹೋದ ಮೇಲೆ ದೇವಮ್ಮ ಕೇಳಿದಳು, "ಎಂತ ಬರೆದದ್ದು?"

"ಊರು ನೋಡಲು ಬಂದವರು ಅಂತ."

"ಪಾಪ. ಅವರಿಗೆ ಊರು ನೋಡ್ಲಿಕ್ಕೆ ಪುರುಸೊತ್ತು ಎಲ್ಲಿ."

ಇಬ್ಬರೂ ನಕ್ಕೆವು. ಇತ್ತೀಚೆಗೆ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಕಡಿಮೆ.

ಫೆಬ್ರವರಿ ೧೭

ಮೊಯ್ದಿನಬ್ಬ ಬಸ್ಸು ನಿಲ್ಲಿಸಿ ಒಬ್ಬನೇ ಇಳಿದು ಬಂದ. ಎಂಜಿನ್ನು ನಿಲ್ಲಿಸಿರಲಿಲ್ಲ. ಅದರಿಂದಲೇ ವಿಷಯ ತಿಳಿಯಿತು.

"ಬೇಜಾರು ಮಾಡ್ಬೇಡಿ ಕಮಲಕ್ಕ. ಈಗ ಇಲ್ಲಿ ಒಬ್ಬನಿಗೆ ಒಂದು ಬಕೆಟ್ ಬಿಸಿನೀರು ಅಂದ್ರೆ ನಂಗೆ ಒಂದು ಕೈ ತೊಳೀಲಿಕ್ಕೆ ಸಾಕು. ಈ ಗ್ರೀಸು ಉಂಟಲ್ಲ, ಇದು ಸೋಪಿಗೆ ಹೆದರುದಿಲ್ಲ, ಹೆಂಡತಿಗೂ ಹೆದರುದಿಲ್ಲ, ಕುದಿವ ನೀರಿಗೆ ಮಾತ್ರ ಹೆದರುದು."

"ಈಗ ಎಲ್ಲಿ ಮೀಯ್ತೀರಿ?"

"ಇಲ್ಲಿಗೆ ಬರುವ ಮೊದಲೇ ಅರಂತೋಡಿನಲ್ಲಿ ಕಾಸಿಂ ಅವನ ಚಾ ಅಂಗಡಿಯ ಹಿಂದೆ ಡಾಮರಿನ ಡ್ರಮ್ಮು ಒಲೆಗೇರಿಸಿದ್ದಾನೆ. ಪ್ಯಾಸೆಂಜರು ಚಾ ಕುಡೀತಾರೆ, ನಾವು ಮೀಯ್ತೇವೆ. ಸ್ವಲ್ಪ ಡಾಮರಿನ ವಾಸನೆ ಬರ್ತದೆ. ಆದ್ರೆ ಬಿಸಿ ಉಂಟು ಮಾರಾಯ್ರೆ."

ಅಲ್ಲಿ ಮಿಂದು ಬಂದ ಮೇಲೆ ಇಲ್ಲಿ ನಿಲ್ಲಿಸಲು ಕಾರಣವಿಲ್ಲ. ಇನ್ನು ಬಸ್ಸು ನೇರ ಪೇಟೆಗೆ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ಅದೇ ಆಶ್ಚರ್ಯ. ಕಾರಿನವರು ಬರುವವರೆಗೆ ಹೇಗಾದರೂ ತಳ್ಳಿದರೆ ಸಾಕು. ಕಾರಿನವರು ಬಸ್ಸಿನವರ ಹಿಂದೆ ಬರುವವರಲ್ಲ.

ಮಾರ್ಚ್ ೨

ಯಾರೂ ಇಲ್ಲ.

ಮಾರ್ಚ್ ೩

ಯಾರೂ ಇಲ್ಲ. ಕಿಟಕಿಗೆ ಪರದೆ ಹಾಕಿಸಿದೆ.

ಮಾರ್ಚ್ ೧೨

ಹೊಸ ಅಡಿಗೆಯವರು ಬಂದರು. ಪುತ್ತೂರಿನಿಂದ, ಹೆಸರು ಮಹೇಶ್ವರ. ಸೂಪು, ಆಮ್ಲೆಟ್ಟು, ಕಟ್ಲೆಟ್ಟು ಬಲ್ಲವರು. ನನ್ನನ್ನು ಮೇಡಂ ಎನ್ನುತ್ತಾರೆ. ದೇವಮ್ಮನಿಗೆ ಮೇಲಿನ ಕೆಲಸ ನೋಡಿಕೊಂಡಿರಲು ಹೇಳಿದೆ.

"ಎಂತ ಮೇಲಿನ ಕೆಲಸ?" ಎಂದಳು.

ಯೋಚಿಸಿದೆ. ಉರಿ ಹಾಕಲು ಬಚ್ಚಲ ಒಲೆ ಇಲ್ಲ. ನೀರು ಕುದಿಸಿ ಆರಿಸಿ ಲೋಟಕ್ಕೆ ಹಾಕಿ ಮುಚ್ಚಳ ಇಡುವವರು ಮಹೇಶ್ವರ. ಜಗಲಿಗೆ ಬಂದವರನ್ನು ಮೊದಲು ಪುಸ್ತಕದ ಬಳಿ ಕರೆದುಕೊಂಡು ಬರಬೇಕಾದವಳು ನಾನು. "ಗಿಡಕ್ಕೆ ನೀರು ಹಾಕು" ಎಂದೆ.

ಮಾರ್ಚ್ ೧೯

ದೇವಮ್ಮ ಅರಂತೋಡಿಗೆ ತಂಗಿಯ ಮಗಳ ಮನೆಗೆ ಹೋದಳು. ಜಗಳವೇನೂ ಆಗಲಿಲ್ಲ. "ನಂಗಿಲ್ಲಿ ಕೈಗೆ ಕೆಲಸ ಇಲ್ಲಕ್ಕ. ಕೈ ಸುಮ್ಮನೆ ಕೂತ್ರೆ ನೋವು ಶುರು ಆಗ್ತದೆ" ಎಂದಳು. ಇರು ಎಂದು ಹೇಳಬೇಕೆಂದು ಬಾಯಿ ತೆರೆದೆ. ಏಪ್ರಿಲ್ ಮುಗಿಯಲಿ, ಆಮೇಲೆ ಕರೆಸಿಕೊಳ್ಳೋಣ ಎಂದು ಮನಸ್ಸು ಹೇಳಿತು. ಏಪ್ರಿಲ್ ಮುಗಿದ ಮೇಲೆ ಅವಳಿಗೆ ಯಾವ ಕೆಲಸ ಇರುತ್ತದೆ ಎಂದು ಆ ಮನಸ್ಸೇ ಕೇಳಿಕೊಳ್ಳಲಿಲ್ಲ.

ಬೆಲ್ಲದ ಭರಣಿ ತೊಳೆದು ಕವುಚಿಟ್ಟು ಹೋಗಿದ್ದಾಳೆ.

ಏಪ್ರಿಲ್ ೮

ಯಾವುದೋ ಮದುವೆಗೆ ಹೊರಟವರು ಎರಡು ಕೋಣೆ ಹಿಡಿದರು. ಅವರು ಹೋದ ಮೇಲೆ ಪ್ರಾಯ ಸಂದ ಗಂಡ ಹೆಂಡತಿ ಬಂದು, 'ಕಾರಣ' ಬರೆಯಲು ಒಪ್ಪದೆ, ಪೇಟೆಯ ಕಡೆಗೆ ನಡೆದರು. ಹೆಂಗಸಿಗೆ ಕಾಲುನೋವು ಇದ್ದ ಹಾಗಿತ್ತು. ಈ ಸಲ ನಾನು ಅವರ ಪರವಾಗಿ 'ಪ್ರವಾಸ' ಎಂದು ಬರೆದುಕೊಡಲಿಲ್ಲ. ಪುಸ್ತಕ ಸರಿಯಾಗಿ ತುಂಬಿದೆಯೇ ಎಂಬುದನ್ನೇ ರಾಯರು ಮೊದಲು ನೋಡುವುದು. ಒಂದು ಸಾಲು ಹೆಚ್ಚುಕಡಿಮೆಯಾದರೆ ಎಲ್ಲ ಹೋಯಿತು.

ಏಪ್ರಿಲ್ ೨೮

ರಾಯರು ಬಂದರು.

ಜೀಪು ಕಂಡ ಕೂಡಲೇ ನಾನು ಮೇಜಿನ ಹಿಂದೆ ಹೋಗಿ ನಿಂತೆ. ಬಿಸಿಲಿಗೆ ಅವರ ಮುಖ ಬತ್ತಿತ್ತು, ಸೊಂಟ ಇನ್ನಷ್ಟು ಬಾಗಿತ್ತು. ಇಳಿದವರೇ ಚೀಲದಿಂದ ಬೈರಾಸು ತೆಗೆದು ಹೆಗಲಿಗೆ ಹಾಕಿಕೊಂಡು, ನನಗೆ ಕೈ ಮುಗಿದು, ಮನೆಯ ಬದಿಯಿಂದ ನೇರ ಹಿಂದಕ್ಕೆ ನಡೆದರು. ಪುಸ್ತಕದ ಕಡೆ ನೋಡಲೂ ಇಲ್ಲ. ನಾನು ಹಿಂದಿನಿಂದ ಹೋದೆ.

ಅವರು ಹೊಸ ಗೋಡೆಯ ಎದುರು ನಿಂತಿದ್ದರು. ಸುಣ್ಣ ಬಳಿದ ಗೋಡೆ, ಸಣ್ಣ ಕಿಟಕಿಗಳು, ಒಂದರ ಪಕ್ಕ ಒಂದು. ಅವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು.

"ಇಲ್ಲೇ ಅಲ್ಲವೇ ಇದ್ದದ್ದು?"

"ಹೌದು. ನಿಯಮದ ಪ್ರಕಾರ ಎಲ್ಲ ಆಗಿದೆ" ಎಂದೆ.

"ಹೌದು, ಹೌದು" ಎಂದರು. ಬೈರಾಸನ್ನು ಹೆಗಲಿನಿಂದ ತೆಗೆದು ಮಡಚಿ, ಮತ್ತೆ ಮಡಚಿ, ಚೀಲಕ್ಕೆ ಹಾಕಿದರು. "ತುಂಬ ಶ್ರಮಪಟ್ಟಿದ್ದೀರಿ."

ಆಮೇಲೆ ಎಲ್ಲ ಚೆನ್ನಾಗಿಯೇ ನಡೆಯಿತು. ಪುಸ್ತಕ ನೋಡಿದರು, ಪರದೆ ನೋಡಿದರು, ಮುಚ್ಚಳದ ಲೋಟದಲ್ಲಿ ನೀರು ಕುಡಿದರು. ಕಮೋಡಿನ ಸರಪಳಿ ಎಳೆದು ನೋಡಿದರು. ಪ್ರತಿಯೊಂದಕ್ಕೂ ಗುರುತು ಹಾಕಿದರು. ಎಲ್ಲಿಯೂ ಅಡ್ಡಗೆರೆ ಇಲ್ಲ, ನಾನು ತಲೆಕೆಳಗಾಗಿ ಓದಿದೆ. ಹೊರಡುವಾಗ ಮೆಟ್ಟಿಲ ಬಳಿ ಹಂಡೆಯ ಮೇಲೆ ಅಂಗೈ ಇಟ್ಟರು. ಬಿಸಿಲಿಗೆ ಕಾದಿತ್ತೇನೋ, ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡರು.

"ಆ ಅಮ್ಮ ಎಲ್ಲಿ? ಬೆಲ್ಲ ಕೊಟ್ಟವರು."

"ಊರಿಗೆ ಹೋಗಿದ್ದಾಳೆ."

"ರಾತ್ರಿ ಇಲ್ಲೇ ಉಳಿಯೋಣ ಎಂದಿದ್ದೆ. ಬೇಡ, ಹಗಲು ಇನ್ನೂ ಇದೆ, ಮಡಿಕೇರಿಗೇ ಹೋಗಿ ಬಿಡುತ್ತೇನೆ" ಎಂದರು.

ನನಗೆ ಸಂತೋಷವಾಗಬೇಕು. ಸಂಜೆಯಿಂದ ಕಾಯುತ್ತಿದ್ದೇನೆ. ಸುಸ್ತು ಕಳೆದ ಮೇಲೆ ಆಗಬಹುದು.

ಮೇ ೨೨

ಮಂಜೂರಾತಿ ಕಾಗದ ಬಂತು. ಸುಳ್ಯದಲ್ಲಿ ನಮ್ಮದೊಂದೇ. ಪದ್ಮಯ್ಯ ಭಾವ ಕಾಗದವನ್ನು ಎರಡು ಕೈಯಲ್ಲಿ ಹಿಡಿದು, ಓದಲು ಬಾರದಿದ್ದರೂ ಬಹಳ ಹೊತ್ತು ನೋಡಿದರು.

"ಸರಕಾರದ ಪುಸ್ತಕದಲ್ಲಿ ನಮ್ಮ ಕುಟುಂಬದ ಹೆಸರು! ಇನ್ನು ಅಡಿಕೆ-ಗಿಡಿಕೆ ಎಲ್ಲ ಸುಡು. ಇದನ್ನು ನೀನೇ ನಡೆಸು ಕಮಲ, ನಾನು ಕೇಳುದಿಲ್ಲ." ಆಮೇಲೆ ಸೊಂಟ ಸವರಿಕೊಂಡು, "ಅದಿರಲಿ, ಒಂದು ಮೀಯುದಾ ಅಂತ ಬಂದದ್ದು ನಾನು. ನೀರು ಕಾಸಿ ಉಂಟಾ?" ಎಂದರು.

ಮಹೇಶ್ವರ ಒಂದು ಬಕೆಟ್ ತಂದುಕೊಟ್ಟರು. ಭಾವ ಬಕೆಟ್ ನೋಡಿದರು, ನನ್ನನ್ನು ನೋಡಿದರು. ಮೈ ಒರೆಸಿಕೊಂಡು ಬಂದು ಬಿಟ್ಟರು.

ಮನೆ ನನ್ನ ಕೈಯಲ್ಲಿ ಉಳಿಯಿತು. ಮಡಿಕೇರಿಗೆ ಹೋಗಬೇಕಾಗಿಲ್ಲ. ತಮ್ಮನಿಗೆ ಬರೆಯಬೇಕು.

ಮೇ ೨೭

ಮಂಗಳೂರಿನಿಂದ ಕಾರಿನಲ್ಲಿ ಬಂದ ನಾಲ್ವರು ಒಂದು ರಾತ್ರಿ ತಂಗಿದರು. ಒಳ್ಳೆಯ ಇಂಗ್ಲಿಷ್ ಮಾತಾಡುವವರು. ಕೋಣೆ ಚೊಕ್ಕಟವಾಗಿದೆ ಎಂದರು. ಅವರಲ್ಲೊಬ್ಬರು, ಈ ಕಡೆಯ ಮನೆಗಳಲ್ಲಿ ದೊಡ್ಡ ಹಂಡೆಯಲ್ಲಿ ನೀರು ಕಾಸುತ್ತಾರಂತೆ, ಅಂಥದ್ದು ಎಲ್ಲಾದರೂ ನೋಡಲು ಸಿಗುತ್ತದೆಯೇ ಎಂದು ಕೇಳಿದರು. ಅರಂತೋಡಿನಲ್ಲಿ ಸಿಗಬಹುದು ಎಂದೆ.

ಜೂನ್ ೪

ಬೆಳಿಗ್ಗೆ ಬಟ್ಟೆ ಒಗೆಯುವವನಿಗೆ ಕೊಡಬೇಕಾದ ಹಾಸುಬಟ್ಟೆಗಳನ್ನು ಮೇಜಿನ ಮೇಲೆ ಮಡಚುತ್ತಿದ್ದೆ. ಮೆಟ್ಟಿಲಲ್ಲಿ ಯಾರೋ ಬಂದ ಸದ್ದಾಯಿತು. ತಲೆ ಎತ್ತದೆ ಪುಸ್ತಕ ಎಳೆದುಕೊಂಡೆ. ಕೆಲವರಿಗೆ ಬರೆಯಲು ಬರುವುದಿಲ್ಲ, ನಾನೇ ಬರೆಯುತ್ತೇನೆ.

"ಹೆಸರು?"

"ದೇವಮ್ಮ."

ಬರೆದೆ.

"ಊರು?"

"ಸದ್ಯ ಅರಂತೋಡು."

ಅದನ್ನೂ ಬರೆದೆ. ಆಮೇಲೆ ತಲೆ ಎತ್ತಿದೆ.

ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ನಿಂತಿದ್ದಳು. ಸ್ವಲ್ಪ ಇಳಿದಿದ್ದಾಳೆ. ಕಾಸಿಂ ಅಂಗಡಿಯ ಹಿಂದಿನ ಡ್ರಮ್ಮಿಗೆ ಈಗ ಉರಿ ಹಾಕುವವಳು ಅವಳೇ ಅಂತೆ, ಆಮೇಲೆ ಹೇಳಿದಳು. ನನ್ನ ಮುಖದಲ್ಲಿ ಏನು ಕಂಡಳೋ, ಗಟ್ಟಿಯಾಗಿ ನಕ್ಕಳು.

"ನಿಲ್ಲಿಸಿದ್ದು ಯಾಕೆ? ಬರೀರಿ ಅಕ್ಕ. ಬಂದ ಕಾರಣ ಬಾಯಾರಿಕೆ ಅಂತ ಬರೀರಿ. ಬಸ್ಸು ಪೇಟೆಯಲ್ಲಿ ಇಳಿಸಿತು, ಅಲ್ಲಿಂದ ಬಿಸಿಲಲ್ಲಿ ನಡ್ದದ್ದು."

ನಾನೇ ಒಳಗೆ ಹೋದೆ. ಚೆಂಬು ಅಟ್ಟದ ಮೇಲಿತ್ತು, ತೆಗೆದು ತೊಳೆದೆ. ಬಾವಿಯಿಂದ ನೀರು ಸೇದಿದೆ. ಭರಣಿ ಅವಳು ಕವುಚಿಟ್ಟಲ್ಲೇ ಇತ್ತು, ಎತ್ತಿದಾಗ ನೆಲದಲ್ಲಿ ಅದರ ದುಂಡು ಗುರುತು ಉಳಿದಿತ್ತು. ಇದ್ದಬದ್ದ ಡಬ್ಬಗಳನ್ನೆಲ್ಲ ತೆರೆದೆ.

"ಏನು ಹುಡುಕುತ್ತಿದ್ದೀರಿ ಮೇಡಂ?" ಎಂದರು ಮಹೇಶ್ವರ.

"ಬೆಲ್ಲ."

"ಬೆಲ್ಲ ನಾವು ತರಿಸುದೇ ಇಲ್ಲವಲ್ಲ."

ಕಾಫಿಗೆ ಇಡುವ ಸಕ್ಕರೆಯ ಗಟ್ಟಿಗಳಿದ್ದವು. ಎರಡನ್ನು ಬಾಳೆಲೆಯ ತುಂಡಿನಲ್ಲಿಟ್ಟು ತಂದೆ. ದೇವಮ್ಮ ಜಗಲಿಯ ಕೆಳಗಿನ ಮೆಟ್ಟಿಲಲ್ಲಿ ಕುಳಿತಿದ್ದಳು. ಮೇಲೆ ಬಾ ಎಂದೆ. "ಇಲ್ಲಿ ಗಾಳಿ ಉಂಟು" ಎಂದಳು. ಸಕ್ಕರೆಯನ್ನು ನೋಡಿದಳು, ಒಂದನ್ನು ಬಾಯಿಗೆ ಹಾಕಿಕೊಂಡಳು. ನೀರು ಕುಡಿದಳು. ಚೆಂಬಿನಲ್ಲಿ ಉಳಿದದ್ದನ್ನು ಕೈ ಚಾಚಿ ಹಂಡೆಗೆ ಸುರಿದಳು.

ನೀರು ಮಣ್ಣಿನಲ್ಲಿ ಇಳಿದು, ಅಡಿಯ ತೂತಿನಿಂದ ಹೊರಬಂದು, ಮೆಟ್ಟಿಲ ಮೇಲೆ ಅವಳ ಕಾಲಿನವರೆಗೆ ಹರಿಯಿತು. ಅವಳು ಕಾಲು ತೆಗೆಯಲಿಲ್ಲ.

"ಗಿಡ ಒಳ್ಳೆದು ಬಂದಿದೆ" ಎಂದಳು.

ಮಧ್ಯಾಹ್ನ ಊಟ ಮಾಡಿಸಿ ಕಳಿಸಿದೆ. ಮಡಿಕೇರಿಗೆ ಹೋಗುವ ಬಸ್ಸು ಬರುವವರೆಗೂ ಮಾತಾಡಿದೆವು. ಏನು ಮಾತಾಡಿದೆವು ಎಂದು ಈಗ ನೆನಪಾಗುತ್ತಿಲ್ಲ, ಹೆಚ್ಚಾಗಿ ಮೊಯ್ದಿನಬ್ಬನ ಬಗ್ಗೆ.

ನಾಳೆ ಪೇಟೆಯಿಂದ ಬೆಲ್ಲ ತರಿಸಬೇಕು. ಜತ್ತಪ್ಪನಿಗೂ ಒಮ್ಮೆ ಬರಹೇಳಬೇಕು, ತಾಮ್ರದ ತೂತು ಮುಚ್ಚಲು ಬರುತ್ತದೋ ಎಂದು ಸುಮ್ಮನೆ ಕೇಳಲು.

ಪುಸ್ತಕದಲ್ಲಿ ದೇವಮ್ಮನ ಸಾಲನ್ನು ಹೊಡೆದುಹಾಕಲಿಲ್ಲ. ಪ್ರತಿಯೊಬ್ಬರು ಹೊರಟ ದಿನವನ್ನು ಅದೇ ಸಾಲಿನ ಕೊನೆಗೆ ಬರೆಯಬೇಕೆಂಬುದು ನಿಯಮ. ಅಲ್ಲಿ ಖಾಲಿ ಬಿಟ್ಟಿದ್ದೇನೆ.